ಮೀನಿನ ಹೊಟ್ಟೆಯ ಸಮಾಚಾರ

ಹೋದ ವಾರ ನಮ್ಮ ಮನೆಗೆ ಬಂದಿದ್ದ ನನ್ನ ತಂಗಿ ಬೆಳಗಿನ ಆರೂವರೆಗೆ ಎದ್ದು ಹಜಾರಕ್ಕೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ನಾನು ಮೀನಿನ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು, ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಪೆನ್ಸಿಲ್ ಹಿಡಿದು ಕುಳಿತಿದ್ದೆ. "ಅಕ್ಕಾ, ಏನು ಬಿದ್ದುಹೋಯ್ತು?" ಎಂದಳು. "ಏನೂ ಬಿದ್ದಿಲ್ಲ ಕಣೇ, ಯಾರು ಏನು ಮಾಡಿದ್ದಾರೆ ಅಂತ ನೋಡ್ತಿದ್ದೀನಿ" ಎಂದೆ. ಅರ್ಥವಾಗಲು ಅವಳಿಗೆ ಅರ್ಧ ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ಅವಳು ನಕ್ಕ ನಗುವಿಗೆ ನಮ್ಮ ಯಜಮಾನರೂ ಎದ್ದು ಬಂದರು.

ಮೀನಿನ ಮಲದ ವಿಚಾರವಾಗಿ ಲೇಖನ ಬರೆಯುವುದೇ ಎಂದು ನೀವೂ ಮೂಗು ಮುರಿಯಬಹುದು. ಆದರೆ ನನ್ನ ವಿದ್ಯಾರ್ಥಿಗಳಾಗಿದ್ದ ನಿಮಗೆ ಜೀರ್ಣಾಂಗವ್ಯೂಹದ ಪಾಠವನ್ನು ನಾನು ಎಷ್ಟು ಗಂಭೀರವಾಗಿ ಮಾಡುತ್ತಿದ್ದೆನೆಂಬುದು ನೆನಪಿರಬೇಕು. ಬಾಯಿಯಿಂದ ಆರಂಭಿಸಿ ಕಡೆಯವರೆಗೆ ಹೋಗುತ್ತಿದ್ದೆ. ಹಿಂದಿನ ಬೆಂಚಿನವರು ಕಿಸಕ್ಕೆಂದರೂ ನಿಲ್ಲಿಸುತ್ತಿರಲಿಲ್ಲ. ಆ ಪಾಠದ ಕೊನೆಯ ಭಾಗವನ್ನು ನಾನು ನಿಜವಾಗಿ ಕಲಿತದ್ದು ನಿವೃತ್ತಿಯ ನಂತರ, ಈ ತೊಟ್ಟಿಯ ಮುಂದೆ ಕುಳಿತು.

ತೊಟ್ಟಿ ನನ್ನದಲ್ಲ, ಮಗನದು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರ. ಸುಮಾರು 300 ಲೀಟರ್ ನೀರು. 2017ರಲ್ಲಿ ಅದರಲ್ಲಿ ಆರು ಡಿಸ್ಕಸ್ ಮೀನುಗಳನ್ನು ತಂದು ಬಿಟ್ಟ. 2019ರಲ್ಲಿ ನೌಕರಿಗೆಂದು ಜರ್ಮನಿಗೆ ಹೊರಟ. ಹೋಗುವಾಗ ತೊಟ್ಟಿಯನ್ನು ಮಾರಿಬಿಡೋಣ ಎಂದ, ನಾನೇ ಬೇಡವೆಂದೆ. ಮಗ ಹೋದ ಮನೆಯಲ್ಲಿ ಅವನು ಬಿಟ್ಟುಹೋದ ದೀಪವೊಂದು ಉರಿಯುತ್ತಿರಲಿ ಎಂಬ ಆಸೆ. ಆ ಮೀನಿನ ಉಪಚಾರ ಇಷ್ಟು ದೊಡ್ಡದೆಂದು ಗೊತ್ತಿದ್ದರೆ ಬೇಡವೆನ್ನುತ್ತಿದ್ದೆನೋ ಇಲ್ಲವೋ ಹೇಳಲಾರೆ.

ಡಿಸ್ಕಸ್ ಎಂದರೆ ಹೆಸರೇ ಹೇಳುವಂತೆ ತಟ್ಟೆಯಂಥ ಮೀನು. ಪಕ್ಕದಿಂದ ನೋಡಿದರೆ ಊಟದ ತಟ್ಟೆ, ಎದುರಿನಿಂದ ನೋಡಿದರೆ ಅಡಕೆ ಕತ್ತರಿಯ ಅಲಗು. ಮೂಲಸ್ಥಾನ ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಮೆದು ನೀರು. ಆಸ್ಟ್ರಿಯಾದ ಹೆಕಲ್ ಎಂಬ ವಿಜ್ಞಾನಿ 1840ರಲ್ಲಿ ಇದಕ್ಕೆ ಸಿಂಫೈಸೊಡಾನ್ ಎಂಬ ಶಾಸ್ತ್ರೀಯ ನಾಮವನ್ನಿಟ್ಟ. ಬಿಸಿ ನೀರಿನ ಜೀವಿ. ನಮ್ಮ ತೊಟ್ಟಿಯನ್ನು 29 ಡಿಗ್ರಿಯಲ್ಲಿ ಇಡುತ್ತೇವೆ. ಮೈಸೂರಿನ ಮಾಗಿಯ ಚಳಿಯಲ್ಲಿ ಹೀಟರ್ ಕೆಟ್ಟ ರಾತ್ರಿಯೊಂದರಲ್ಲಿ ನಾವಿಬ್ಬರೂ ಹಂಡೆಯಲ್ಲಿ ನೀರು ಕಾಯಿಸಿ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ ತೊಟ್ಟಿಯಲ್ಲಿ ತೇಲಿಬಿಟ್ಟು ಬೆಳಗು ಮಾಡಿದ್ದುಂಟು. ಮರಿಗಳಿಗೆ ತಂದೆತಾಯಿಗಳಿಬ್ಬರೂ ತಮ್ಮ ಮೈಯ ಲೋಳೆಯನ್ನೇ ಉಣಿಸಿ ಸಾಕುವ ಅಪರೂಪದ ಮೀನು ಇದು.

ಮಗ ಹೋಗಿ ಎರಡು ತಿಂಗಳಾಗಿತ್ತು. ಒಂದು ದಿನ ನೋಡುತ್ತೇನೆ, ನೀಲಿ ಮೀನೊಂದರ ಹಿಂದೆ ಬಿಳಿಯ ದಾರದಂಥದ್ದು ಎರಡಂಗುಲ ಉದ್ದಕ್ಕೆ ಜೋತಾಡುತ್ತಿದೆ. ಗಾಬರಿಯಿಂದ ಫೋಟೊ ತೆಗೆದುಕೊಂಡು ಮೀನಿನ ಅಂಗಡಿಗೆ ಓಡಿದೆ. ಅಂಗಡಿಯಾತ ಫೋಟೊವನ್ನು ಸರಿಯಾಗಿ ನೋಡಿದನೋ ಇಲ್ಲವೋ, "ಹೊಟ್ಟೇಲಿ ಹುಳ ಅಮ್ಮಾ" ಎಂದು ಒಂದು ಹಳದಿ ಪುಡಿಯನ್ನು ಕಟ್ಟಿಕೊಟ್ಟ. ಅದು ಯಾವ ಔಷಧ, ಹುಳಕ್ಕೋ ಬ್ಯಾಕ್ಟೀರಿಯಕ್ಕೋ ಎಂದು ನಾನು ಕೇಳಲಿಲ್ಲ. ತಂದು ತೊಟ್ಟಿಗೆ ಸುರಿದೆ. ಎರಡನೆಯ ದಿನ ವಾಸಿಯಾಗದಿದ್ದಕ್ಕೆ ಇನ್ನಷ್ಟು ಸುರಿದೆ. ನಾಲ್ಕನೆಯ ದಿನ ನೀರು ಮಬ್ಬಾಯಿತು. ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ಐದನೆಯ ದಿನ ಎರಡು ಸತ್ತವು. ಸತ್ತ ಎರಡರಲ್ಲಿ ಆ ನೀಲಿ ಮೀನು ಇರಲಿಲ್ಲ.

ಆದದ್ದೇನೆಂದರೆ, ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿ ಮೀನಿನ ವಿಸರ್ಜನೆಯ ಅಮೋನಿಯವನ್ನು ನೈಟ್ರೈಟಾಗಿ, ನೈಟ್ರೇಟಾಗಿ ಬದಲಾಯಿಸುವ ಬ್ಯಾಕ್ಟೀರಿಯಗಳಿಗೆ ನನ್ನ ಪುಡಿ ಮಾರಿಯಾಗಿತ್ತು. ನೀರಿನಲ್ಲಿ ಅಮೋನಿಯ ಏರಿತು. ನೈಟ್ರೋಜನ್ ಚಕ್ರವನ್ನು ಮೂವತ್ತನಾಲ್ಕು ವರ್ಷ ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸಿದವಳು, ಮನೆಯ ಹಜಾರದಲ್ಲಿ ಅದನ್ನು ಕೈಯಾರೆ ಕಡಿದುಹಾಕಿದ್ದೆ. ಮಗನಿಗೆ ಹೇಳಲು ಒಂದು ವಾರ ಧೈರ್ಯ ಬರಲಿಲ್ಲ. ಅಂಗಡಿಯವನನ್ನು ಬೈಯುವುದು ಸುಲಭ, ಆತ ಮಾರುವವನು. ಕೇಳಬೇಕಾದದ್ದು ನನ್ನ ಕೆಲಸವಾಗಿತ್ತು.

ಆ ನೀಲಿ ಮೀನಿಗೆ ಆಗಿದ್ದದ್ದಾದರೂ ಏನು? ಏನೂ ಅಲ್ಲ, ಉಪವಾಸ! ಅದಕ್ಕಿಂತ ದೊಡ್ಡದಾದ ಇನ್ನೊಂದು ಮೀನು ಅದನ್ನು ಊಟದ ಹೊತ್ತಿಗೆ ಮೂಲೆಗೆ ಅಟ್ಟುತ್ತಿತ್ತು. ನಾನು ಮೇಲಿನಿಂದ ಆಹಾರ ಉದುರಿಸಿ ಅಡಿಗೆಮನೆಗೆ ಹೋಗಿಬಿಡುತ್ತಿದ್ದೆ. ಕರುಳಿನಲ್ಲಿ ಆಹಾರವಿಲ್ಲದಾಗ ಒಳಗಿನ ಲೋಳೆಯಷ್ಟೇ ಹೊರಬರುತ್ತದೆ. ಅದೇ ಬಿಳಿ ದಾರ. ಕರುಳಿನೊಳಗೆ ರೋಗಾಣುಗಳು ಹೆಚ್ಚಿ ಒಳಪದರ ಕೆರಳಿದಾಗ ಬರುವುದೂ ಬಿಳಿ ದಾರವೇ. ನೋಡಲು ಎರಡೂ ಒಂದೇ. ಒಂದಕ್ಕೆ ಬೇಕಾದದ್ದು ಊಟ, ಇನ್ನೊಂದಕ್ಕೆ ಔಷಧ. ದಾರವನ್ನು ಮಾತ್ರ ನೋಡಿ ಯಾವುದೆಂದು ಹೇಳಲಾಗದು.

ನನ್ನ ಬಾಣಂತನದಲ್ಲಿ ಅಮ್ಮ ಮಗುವಿನ ಬಟ್ಟೆಯನ್ನು ಒಗೆಯುವ ಮೊದಲು ದಿನವೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಹಳದಿಯಾಗಿದ್ದರೆ ಸುಮ್ಮನಾಗುತ್ತಿದ್ದಳು. ಹಸಿರಾದರೆ ಮಗುವನ್ನಲ್ಲ, ನನ್ನನ್ನು ಕೇಳುತ್ತಿದ್ದಳು: "ನಿನ್ನೆ ಏನು ತಿಂದೆ? ಮಗು ರಾತ್ರಿ ಎಷ್ಟು ಸಲ ಎದ್ದಿತು? ಈಗ ಕುಡೀತಾ?" ಬಿ.ಎಡ್. ಮುಗಿಸಿಕೊಂಡಿದ್ದ ನನಗೆ ಅದು ಹಳ್ಳಿಯ ಹೆಂಗಸರ ಅಸಹ್ಯದ ಚಾಳಿಯಾಗಿ ಕಂಡಿತ್ತು. ಮೀನು ಸತ್ತ ಮೇಲೆ ಅಮ್ಮನ ಆ ಪ್ರಶ್ನೆಗಳು ಒಂದೊಂದಾಗಿ ನೆನಪಾದವು. ಅವಳು ಬಟ್ಟೆ ನೋಡಿ ಔಷಧ ಕೊಡುತ್ತಿರಲಿಲ್ಲ. ಬಟ್ಟೆ ನೋಡಿ ಪ್ರಶ್ನೆ ಕೇಳುತ್ತಿದ್ದಳು.

ಅಂದಿನಿಂದ ಒಂದು ನೂರು ಪುಟದ ನೋಟ್ ಪುಸ್ತಕ ಇಟ್ಟೆ. ಆಮೇಲೆ ಮಗ ಕಳಿಸಿದ ಎರಡು ಮರಿಗಳೂ ಸೇರಿ ಮತ್ತೆ ಆರಾದವು. ಆರಕ್ಕೂ ಆರು ಅಂಕಣ. ಬೆಳಗ್ಗೆ ದೀಪ ಹಾಕುವ ಮೊದಲು ಒಮ್ಮೆ, ಊಟ ಹಾಕಿದಾಗ ಒಮ್ಮೆ, ಸಂಜೆ ತಳ ಶುಚಿ ಮಾಡುವ ಮೊದಲು ಒಮ್ಮೆ. ನಮ್ಮ ತೊಟ್ಟಿಯ ತಳದಲ್ಲಿ ಮರಳು ಹಾಕಿಲ್ಲ, ಬರಿಯ ಗಾಜು. ನೋಡಲು ಚೆಂದವಿಲ್ಲದಿದ್ದರೂ ಯಾವುದೂ ಮರೆಯಾಗದು.

ಆರೋಗ್ಯವಂತ ಮೀನಿನ ಮಲ ಕಪ್ಪು ಅಥವಾ ಗಾಢ ಕಂದು. ತುಂಡಾಗಿ ಬೇಗ ಕಳಚಿ ತಳ ಸೇರುತ್ತದೆ. ಆದರೆ ಬಣ್ಣ ಬಹುಮಟ್ಟಿಗೆ ಆಹಾರದ್ದೇ. ಸ್ಪೈರುಲಿನಾ ಪಾಚಿ ಬೆರೆತ ಗುಳಿಗೆ ತಿಂದರೆ ಹಸಿರು ಛಾಯೆ. ಮೈಬಣ್ಣ ಏರಿಸಲೆಂದು ಕೆಂಪು ವರ್ಣದ್ರವ್ಯ ಸೇರಿಸಿದ ಆಹಾರ ತಿಂದರೆ ಇಟ್ಟಿಗೆಯ ಬಣ್ಣ. ಮೊದಲ ಸಲ ಆ ಕೆಂಪನ್ನು ಕಂಡು ರಕ್ತವೆಂದು ಹೆದರಿದೆ. ಆಮೇಲೆ ಅದನ್ನೇ ಉಪಾಯವಾಗಿ ಬಳಸಿಕೊಂಡೆ. ಬೆಳಗ್ಗೆ ಕೆಂಪು ಆಹಾರ ಹಾಕುವುದು, ಯಾರ ಹಿಂದೆ ಯಾವಾಗ ಕೆಂಪು ಕಾಣುತ್ತದೆಂದು ಕಾಯುವುದು. ಐದರಲ್ಲಿ ಕಂಡು ಒಂದರಲ್ಲಿ ಕಾಣದಿದ್ದರೆ, ಆ ಒಂದು ತಿಂದೇ ಇಲ್ಲ ಅಥವಾ ಅದರ ಹೊಟ್ಟೆ ನಡೆಯುತ್ತಿಲ್ಲ. ಬಿ.ಎಸ್ಸಿ.ಯಲ್ಲಿ ಮಾಡಿದ ಯಾವ ಪ್ರಯೋಗವೂ ನನಗೆ ಇಷ್ಟು ಸಂತೋಷ ಕೊಟ್ಟಿರಲಿಲ್ಲ.

ತಿನ್ನುವುದನ್ನು ನೋಡುವುದರಲ್ಲೂ ಒಂದು ಸೂಕ್ಷ್ಮವಿದೆ. ಡಿಸ್ಕಸ್ ತಳಕ್ಕೆ ಬಾಯಿಯಿಂದ ನೀರನ್ನು ಊದಿ, ಎದ್ದ ಚೂರನ್ನು ಹಿಡಿಯುತ್ತದೆ. ಹಿಡಿದದ್ದನ್ನು ಉಗುಳಿ ಮತ್ತೆ ಹಿಡಿಯುತ್ತದೆ. ಅದು ಅದರ ಊಟದ ಕ್ರಮ. ಉಗುಳಿ, ಮುಖ ತಿರುಗಿಸಿಕೊಂಡು ಹೋದರೆ ಮಾತ್ರ ಚಿಂತಿಸಬೇಕು. ಎರಡಕ್ಕೂ ನಡುವೆ ಇರುವುದು ಎರಡು ಸೆಕೆಂಡಿನ ವ್ಯತ್ಯಾಸ. ಆಹಾರ ಹಾಕಿ ಒಗ್ಗರಣೆ ನೋಡಲು ಓಡುವವರಿಗೆ ಅದು ಕಾಣದು.

ಇನ್ನು ಮೈ. ಎದೆಯ ರೆಕ್ಕೆಗಳ ಹಿಂದೆ, ಹೊಟ್ಟೆಯ ಜಾಗದಲ್ಲಿ ಕುಳಿ ಬಿದ್ದಿದೆಯೇ? ಎದುರಿನಿಂದ ನೋಡಿದಾಗ ಕಣ್ಣಿನ ಮೇಲಿನ ಹಣೆ ತುಂಬಿಕೊಂಡಿದೆಯೇ, ಚಿವುಟಿದಂತೆ ಬತ್ತಿದೆಯೇ? ಬಳಲಿದ ಮೀನು ಮೈಯನ್ನು ಕಪ್ಪಗೆ ಮಾಡಿಕೊಂಡು, ಮೈಮೇಲಿನ ಅಡ್ಡಪಟ್ಟೆಗಳನ್ನು ಗಾಢವಾಗಿಸಿಕೊಂಡು, ತಲೆ ತಗ್ಗಿಸಿ ಮೂಲೆ ಹಿಡಿಯುತ್ತದೆ. ಆದರೆ ಈ ಗುರುತು ಎಲ್ಲಕ್ಕೂ ಅನ್ವಯಿಸದು. ಪಿಜನ್ ಬ್ಲಡ್ ಎಂಬ ತಳಿಯ ಮೀನಿಗೆ ಆ ಪಟ್ಟೆಗಳೇ ಇಲ್ಲ. ಎಷ್ಟು ಬಳಲಿದರೂ ಅದು ಇತರ ಮೀನುಗಳಂತೆ ಮೈಯೆಲ್ಲ ಕಪ್ಪಾಗಲಾರದು. ನಮ್ಮಲ್ಲಿ ಅಂಥದ್ದೊಂದಿದೆ. ಸದಾ ಹಸನ್ಮುಖಿಯಂತೆ ಕಾಣುವುದರಿಂದ ಅದನ್ನೇ ಹೆಚ್ಚು ನೋಡಬೇಕಾಗುತ್ತದೆ.

ಆಹಾರದ ವಿಷಯಕ್ಕೆ ನಮ್ಮ ಮನೆಯಲ್ಲಿ ಸಣ್ಣ ಮಹಾಭಾರತವೇ ನಡೆಯಿತು. ಡಿಸ್ಕಸ್ ಸಾಕುವವರು ದನದ ಹೃದಯದ ಮಾಂಸವನ್ನು ಅರೆದು ಹಾಕುವ ರೂಢಿ ಜಗತ್ತಿನಾದ್ಯಂತ ಇದೆ. ಮೀನು ಬೇಗ ಬೆಳೆಯುತ್ತದೆ. ಸಸ್ಯಾಹಾರದ ಮನೆ, ಆ ಗೊಡವೆಗೆ ನಾನು ಹೋಗಲಿಲ್ಲ. ಸಿಪ್ಪೆ ಸುಲಿದ ಸಿಗಡಿಗೆ ಒಪ್ಪಿದೆ; ಅದಕ್ಕೆ ಪ್ರತ್ಯೇಕ ಸಣ್ಣ ಫ್ರಿಜ್ಜು ಬಂದಿತು. ನಮ್ಮತ್ತೆಯವರು ಬದುಕಿದ್ದಿದ್ದರೆ ಅದಕ್ಕೂ ಮಡಿ ನೀರು ಚಿಮುಕಿಸುತ್ತಿದ್ದರು. ಆಮೇಲೆ ತಿಳಿದದ್ದೇನೆಂದರೆ, ಕಾಡಿನ ನೀರಿನಲ್ಲಿ ಡಿಸ್ಕಸ್ ಅಂಥ ಮಾಂಸಪ್ರಿಯ ಜೀವಿಯೇ ಅಲ್ಲ. ಅಮೆಜಾನಿನ ಪ್ರವಾಹದ ಬಯಲುಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕ್ರ್ಯಾಂಪ್ಟನ್ ಎಂಬ ವಿಜ್ಞಾನಿ ಮೀನುಗಳ ಹೊಟ್ಟೆಯಲ್ಲಿ ಕಂಡದ್ದು ಹೆಚ್ಚಾಗಿ ಪಾಚಿ, ಕೊಳೆತ ಎಲೆಕಸ, ಸಣ್ಣಪುಟ್ಟ ಜಲಜೀವಿಗಳು. ಚಿಕ್ಕ ಜಠರ, ಉದ್ದನೆಯ ಕರುಳು. ದಿನವಿಡೀ ಚೂರುಚೂರು ಮೇಯುವ ದೇಹ. ಅದಕ್ಕೆ ದಿನಕ್ಕೊಮ್ಮೆ ಮದುವೆ ಊಟ ಹಾಕಿದರೆ ಹೊಟ್ಟೆ ಉಬ್ಬದೆ ಏನಾದೀತು? ಈಗ ಸ್ವಲ್ಪ ಸ್ವಲ್ಪವಾಗಿ ಮೂರು ಹೊತ್ತು ಹಾಕುತ್ತೇನೆ, ಬೇಯಿಸಿದ ಪಾಲಕ್ ಸೇರಿಸಿ. ಒಣ ಗುಳಿಗೆಯಾದರೆ ಮೊದಲು ನೀರಿನಲ್ಲಿ ನೆನೆಸಿ.

2022ರಲ್ಲಿ ನಿಜವಾದ ಕಾಯಿಲೆಯೇ ಬಂದಿತು. ಹಿರಿಯ ಗಂಡು ಮೀನು ಊಟವನ್ನು ಉಗುಳಿ ತಿರುಗತೊಡಗಿತು. ನಾಲ್ಕು ದಿನ ಬಿಳಿ ದಾರ. ಯಾರೂ ಅದನ್ನು ಅಟ್ಟುತ್ತಿರಲಿಲ್ಲ. ಬೇರೆ ತೊಟ್ಟಿಗೆ ಬಿಟ್ಟು ಒಂಟಿಯಾಗಿ ಊಟ ಹಾಕಿದರೂ ದಾರ ಬಿಳಿಯಾಗಿಯೇ ಉಳಿಯಿತು. ಹೊಟ್ಟೆ ಕುಳಿಬಿತ್ತು. ಹಣೆಯ ಮೇಲೆ ಗುಂಡುಸೂಜಿಯ ತಲೆಯಷ್ಟು ಎರಡು ಗುಳಿಗಳು ಕಾಣಿಸಿಕೊಂಡವು.

ಆ ದಿನಗಳಲ್ಲೇ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗಳ ಮದುವೆಯ ಲಗ್ನಪತ್ರಿಕೆ ಹಿಡಿದು ಮನೆಗೆ ಬಂದ. ಅವನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡವೆಂದಿದ್ದಾನೆ. 1991ರಲ್ಲಿ, ಕಡೂರು ಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಅವನು ಒಂಬತ್ತನೆಯ ತರಗತಿಯಲ್ಲಿದ್ದ. ಬರಿಗಾಲಿನಲ್ಲಿ ನಾಲ್ಕೈದು ಕಿಲೋಮೀಟರು ನಡೆದು ಬರುತ್ತಿದ್ದ. ಆಗ ಶಾಲೆಯಲ್ಲಿ ಬಿಸಿಯೂಟವಿರಲಿಲ್ಲ. ಮಧ್ಯಾಹ್ನದ ಮೊದಲ ಅವಧಿ ನನ್ನದು. ಅವನು ಕೊನೆಯ ಬೆಂಚಿನ ಗೋಡೆಯ ಪಕ್ಕದಲ್ಲಿ ತಲೆಯೂರಿ ಮಲಗುತ್ತಿದ್ದ. ನಾನು ದಿನವೂ ಎಬ್ಬಿಸುತ್ತಿದ್ದೆ. ಜೀರ್ಣಾಂಗವ್ಯೂಹದ ಪಟವನ್ನು ತೂಗುಹಾಕಿ ಪಾಠ ಮಾಡುತ್ತಿದ್ದ ದಿನ ಸಿಟ್ಟು ನೆತ್ತಿಗೇರಿ ಬೆಂಚಿನ ಮೇಲೆ ನಿಲ್ಲಿಸಿದೆ, ಇಡೀ ಅವಧಿ. ಅವನ ಪ್ರಗತಿಪತ್ರದಲ್ಲಿ "ಸೋಮಾರಿ" ಎಂದು ಬರೆದವಳೂ ನಾನೇ. ದಸರಾ ರಜೆ ಮುಗಿದ ಮೇಲೆ ಆರೋಗ್ಯ ತಪಾಸಣೆಗೆಂದು ಬಂದ ವೈದ್ಯರು ಅವನ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ಉಗುರು ನೋಡಿ, ನನ್ನ ಕಡೆ ತಿರುಗಿ, "ಇವನಿಗೆ ರಕ್ತವೇ ಇಲ್ಲವಲ್ಲ" ಎಂದರು. ಮಲ ಪರೀಕ್ಷೆಯಲ್ಲಿ ಕೊಕ್ಕೆಹುಳು. ಚಿಕಿತ್ಸೆಯಾಯಿತು. ಆದರೆ ಅಷ್ಟು ಹೊತ್ತಿಗೆ ಅವನಿಗೆ ಶಾಲೆಯೆಂದರೆ ಬೇಸರ ಹುಟ್ಟಿತ್ತು; ಹತ್ತನೆಯ ತರಗತಿಗೆ ಬರಲಿಲ್ಲ. ಕೊಕ್ಕೆಹುಳು ಬರಿಗಾಲಿನ ಚರ್ಮದ ಮೂಲಕ ಒಳಹೊಕ್ಕು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ ಎಂದು ಅದೇ ತರಗತಿಗೆ ಟಿಪ್ಪಣಿ ಬರೆಸಿದ್ದವಳು ನಾನು.

ಲಗ್ನಪತ್ರಿಕೆ ಕೊಟ್ಟು, ಕಾಫಿ ಕುಡಿಯುತ್ತ, ಅವನು ಪಕ್ಕದ ಚಿಕ್ಕ ತೊಟ್ಟಿಯನ್ನು ನೋಡಿದ. "ಮೇಡಂ, ಈ ಮೀನು ಯಾಕೆ ತಲೆ ತಗ್ಗಿಸ್ಕೊಂಡು ಮೂಲೇಲಿ ನಿಂತೈತೆ?" ಎಂದ. ನಾನು ಉತ್ಸಾಹದಿಂದ ವಿವರಿಸತೊಡಗಿದೆ: ಸುಮ್ಮನೆ ನಿಂತಿದೆ ಎಂದುಕೊಳ್ಳಬಾರದು, ಅದರ ಕರುಳಿನಲ್ಲಿ ತೊಂದರೆಯಿದೆ, ತಿಂದದ್ದು ಮೈಗೆ ಹತ್ತುತ್ತಿಲ್ಲ, ನಾಲ್ಕು ದಿನದಿಂದ ಹೊತ್ತುಹೊತ್ತಿಗೆ ಬರೆದಿಟ್ಟು ನೋಡುತ್ತಿದ್ದೇನೆ ಎಂದೆಲ್ಲ. ನೋಟ್ ಪುಸ್ತಕವನ್ನೂ ತೋರಿಸಿದೆ. ಅವನು ಅದನ್ನು ತಿರುವಿ ನೋಡಿ ಮೆಲ್ಲಗೆ ನಕ್ಕು, "ನಂಗೂ ಹಿಂಗೇ ಇತ್ತಲ್ವಾ ಮೇಡಂ" ಎಂದ. ಅವನ ದನಿಯಲ್ಲಿ ಕಹಿ ಇರಲಿಲ್ಲ. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದೆ. ಹೊರಗೆ ಬಂದ ಮೇಲೆ, "ತಪ್ಪಾಯ್ತು ಕಣಪ್ಪ" ಎಂದೆ. "ಅಯ್ಯೋ, ಬಿಡಿ ಮೇಡಂ, ಯಾವ ಕಾಲದ್ದು" ಎಂದು ಅವನು ಮೀನಿಗೆ ಏನು ಔಷಧ ಎಂದು ಕೇಳಿದ.

ಔಷಧ ಇನ್ನೂ ನಿಶ್ಚಯವಾಗಿರಲಿಲ್ಲ. ನಿವೃತ್ತಿಯಲ್ಲಿ ಸಹೋದ್ಯೋಗಿಗಳು ಬಳುವಳಿಯಾಗಿ ಕೊಟ್ಟಿದ್ದ ಸೂಕ್ಷ್ಮದರ್ಶಕವಿತ್ತು. ಹತ್ತರ ನೇತ್ರಕ, ನಲವತ್ತರ ವಸ್ತುಕ; ನಾನೂರು ಪಟ್ಟು. ಮೀನು ಆಗಷ್ಟೇ ಬಿಟ್ಟ ದಾರದ ತುದಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಅದೇ ತೊಟ್ಟಿಯ ನೀರಿನ ಹನಿ ಹಾಕಿ ನೋಡಬೇಕು. ತಡ ಮಾಡಿದರೆ ಒಳಗಿನ ಜೀವಿಗಳು ಸತ್ತು ಏನೂ ತಿಳಿಯದು. ನೋಡಿದರೆ, ಹಬ್ಬದ ದಿನದ ದೇವರಾಜ ಮಾರುಕಟ್ಟೆ! ಕಶಾಂಗವಿರುವ ಏಕಕೋಶ ಜೀವಿಗಳು, ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಗಾತ್ರದವು, ಅತ್ತಿಂದಿತ್ತ ಸರಸರನೆ ಓಡಾಡುತ್ತಿವೆ. ಸ್ಪೈರೋನ್ಯೂಕ್ಲಿಯಸ್ ಎಂಬ ಜಾತಿಯಿರಬೇಕು. ಮೀನು ಸಾಕುವವರು ಹಳೆಯ ರೂಢಿಯಂತೆ ಹೆಕ್ಸಾಮಿಟಾ ಎನ್ನುತ್ತಾರೆ. ಇವು ಆರೋಗ್ಯವಂತ ಮೀನಿನಲ್ಲೂ ಅಲ್ಲೊಂದು ಇಲ್ಲೊಂದು ಇರಬಲ್ಲವು. ಹೀಗೆ ಸಂತೆ ನೆರೆದರೆ ರೋಗ. ಹುಳುವಿನ ಮೊಟ್ಟೆಗಳಿಗಾಗಿಯೂ ಹುಡುಕಿದೆ. ಕ್ಯಾಪಿಲೇರಿಯ ಎಂಬ ದಾರಹುಳುವಿನ ಮೊಟ್ಟೆ ಎರಡು ತುದಿಗೂ ಬಿರಡೆ ಹಾಕಿದ ಪೀಪಾಯಿಯಂತಿರುತ್ತದೆ, ಕಾಣಲಿಲ್ಲ. ಇದನ್ನು ಹುಡುಕಲೇಬೇಕು, ಏಕೆಂದರೆ ಏಕಕೋಶ ಜೀವಿಗಳನ್ನು ಕೊಲ್ಲುವ ಮೆಟ್ರೋನಿಡಜೋಲ್ ದಾರಹುಳುವಿಗೆ ನಾಟದು. ಹುಳುವಿನ ಔಷಧ ಇವಕ್ಕೆ ನಾಟದು.

ಮೊಬೈಲಿನಲ್ಲಿ ಅದರ ಚಿತ್ರ ತೆಗೆದು ಇನ್ನೊಬ್ಬ ಶಿಷ್ಯೆಗೆ ಕಳಿಸಿದೆ. ಅವಳು ಓದಿದ್ದು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ, 1969ರಲ್ಲಿ ಆರಂಭವಾದ ದೇಶದ ಮೊದಲ ಮೀನುಗಾರಿಕಾ ಕಾಲೇಜು ಅದು. ಅವಳು ಪ್ರಮಾಣವನ್ನು ಲೆಕ್ಕಹಾಕಿ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ, ನೀವು ನಿಮ್ಮ ಮೀನಿಗೆ ತಿಳಿದವರನ್ನೇ ಕೇಳಿ. ತಿನ್ನುವ ಮೀನಿಗೆ ಔಷಧವನ್ನು ಆಹಾರದಲ್ಲಿ ಬೆರೆಸುವುದು ಮೇಲು, ಏಕೆಂದರೆ ರೋಗವಿರುವುದು ಕರುಳಿನಲ್ಲಿ; ತಿನ್ನುವುದನ್ನೇ ಬಿಟ್ಟದ್ದಕ್ಕೆ ನೀರಿನಲ್ಲಿ ಹಾಕದೆ ವಿಧಿಯಿಲ್ಲ. ನಮ್ಮದಕ್ಕೆ ಮೊದಲು ನೀರಿನಲ್ಲಿ ಹಾಕಿದೆವು, ಚಿಕ್ಕ ತೊಟ್ಟಿಯಲ್ಲಿ ಮಾತ್ರ. ಶಾಖವನ್ನೂ ಸ್ವಲ್ಪ ಏರಿಸಿದೆವು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆಯಾಗುವುದರಿಂದ ಗಾಳಿಯ ಪಂಪು ಇನ್ನೊಂದು ಜೋಡಿಸಿದೆವು. ಐದನೆಯ ದಿನ ಅದು ಒಂದು ಕೆಂಪು ಹುಳುವನ್ನು ಹಿಡಿದು, ಉಗುಳಿ, ಮತ್ತೆ ಹಿಡಿಯಿತು. ಯಜಮಾನರನ್ನು ಕೂಗಿ ಕರೆದೆ. ಅವರು ಪತ್ರಿಕೆ ಹಿಡಿದುಕೊಂಡೇ ಬಂದು, "ಉಗುಳಿತಲ್ಲೇ" ಎಂದರು. "ಮತ್ತೆ ತಗೊಂಡಿತು, ನೋಡಿ" ಎಂದೆ.

ಹತ್ತನೆಯ ದಿನ ಕಪ್ಪು ತುಂಡು ಬಿದ್ದಿತು. ಆ ಪುಟದಲ್ಲಿ ಪೆನ್ಸಿಲಿನಿಂದ ಬರೆದದ್ದರ ಮೇಲೆ ಪೆನ್ನಿನಿಂದಲೂ ಬರೆದಿದ್ದೇನೆ. ಹಣೆಯ ಗುಳಿಗಳು ಮಾತ್ರ ಪೂರ್ತಿ ಮುಚ್ಚಲಿಲ್ಲ. ಈಗಲೂ ಎರಡು ಚುಕ್ಕೆಗಳಾಗಿ ಉಳಿದಿವೆ.

ಮದುವೆಗೆ ಇಬ್ಬರೂ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಅವನು ತಾನೇ ಬಡಿಸಲು ನಿಂತಿದ್ದ. ನನ್ನ ಎಲೆಯ ಮುಂದೆ ಬಗ್ಗಿ, "ಮೀನು ಹೆಂಗೈತೆ ಮೇಡಂ?" ಎಂದು ಕೇಳಿದ. "ತಿಂತಾ ಇದೆ" ಎಂದೆ. ಇನ್ನೊಂದು ಹೋಳಿಗೆ ಹಾಕಿ ಮುಂದಕ್ಕೆ ಹೋದ.

ತಂಗಿ ಊರಿಗೆ ಹೊರಡುವ ಬೆಳಗ್ಗೆ ತಾನಾಗಿಯೇ ಮಣೆ ಎಳೆದುಕೊಂಡು ತೊಟ್ಟಿಯ ಮುಂದೆ ಕುಳಿತಿದ್ದಳು. "ಅಕ್ಕಾ, ಆ ಕೆಂಪಗಿರೋದು ನಿನ್ನೆಯಿಂದ ಏನೂ ಮಾಡಿಲ್ಲ ಕಣೇ" ಎಂದಳು. ಪಿಜನ್ ಬ್ಲಡ್. ನೋಟ್ ಪುಸ್ತಕ ತೆಗೆದು ನೋಡಿದರೆ ಅವಳು ಹೇಳಿದ್ದು ಸರಿ. ಇವತ್ತು ಅದಕ್ಕೆ ನೆನೆಸಿದ ಗುಳಿಗೆಯನ್ನೂ ಕೊಟ್ಟಿಲ್ಲ. ಸಂಜೆ ಮತ್ತೊಮ್ಮೆ ನೋಡಬೇಕು.